ಹವಾ ಬದಲಾವಣೆ

(2009ರ ಅಕ್ಟೋಬರ್. ಎವರೆಟ್‌ನ ಬೋಯಿಂಗ್ ಕಾರ್ಖಾನೆ.)

ಸಾಹೇಬ: 787 ವಿಮಾನದ ಎರಡನೇ ಜೋಡಣಾ ಲೈನ್ ಸೌತ್ ಕೆರೊಲಿನಾಕ್ಕೆ ಹೋಗುತ್ತೆ.

ಮೆಕ್ಯಾನಿಕ್: ಅಲ್ಲಿ ವಿಮಾನ ಕಟ್ಟಿ ಪಳಗಿದವರು ಇದ್ದಾರಾ ಸಾರ್?

ಸಾಹೇಬ: ಯೂನಿಯನ್ ಕಟ್ಟಿ ಪಳಗಿದವರಿಲ್ಲ. ಅದು ಮುಖ್ಯ.

ಮೆಕ್ಯಾನಿಕ್: ಹೋದ ವರ್ಷದ ಮುಷ್ಕರದ ಸಿಟ್ಟಾ?

ಸಾಹೇಬ: ಛೇ ಛೇ! ಬರೀ ಹವಾ ಬದಲಾವಣೆ. (ಕಿಟಕಿ ಮುಚ್ಚುತ್ತಾರೆ. ಹೊರಗೆ ಯಾರೂ ಕೂಗುತ್ತಿಲ್ಲ, ಅಭ್ಯಾಸಬಲ.)

ಮೆಕ್ಯಾನಿಕ್: ವಿಮಾನ ತಡವಾದದ್ದಕ್ಕೆ ನಮ್ಮನ್ನೇ ಬೈತೀರಿ. ಆದರೆ 2007ರಲ್ಲಿ ಜನರೆದುರು ಮೆರೆಸಿದ ಮೊದಲ ವಿಮಾನದ ಹೊಟ್ಟೆ ಖಾಲಿ, ಜೋಡಿಸಿದ್ದು ತಾತ್ಕಾಲಿಕ ಫಾಸ್ಟನರ್‌ಗಳಲ್ಲಿ. ಬಿಡಿಭಾಗ ದೇಶದೇಶಕ್ಕೆ ಹಂಚಿ ಕಾಯ್ತಾ ಕೂತಿದ್ವಲ್ಲ, ಆಗ ಮುಷ್ಕರ ಎಲ್ಲಿತ್ತು?

ಸಾಹೇಬ: ಸಪ್ಲೈಯರ್‌ಗಳು ದೂರದಲ್ಲಿದ್ದಾರೆ. ಬೈಯೋಕೆ ನೀವೇ ಹತ್ತಿರ.

ಮೆಕ್ಯಾನಿಕ್: ಸರಿ, ಅಲ್ಲಿಯವರಿಗೆ ಕೆಲಸ ಕಲಿಸೋರು ಯಾರು?

ಸಾಹೇಬ: ಅದಕ್ಕೇ ಕರೆದದ್ದು. ನಿಮ್ಮ ಟಿಕೆಟ್ ಬುಕ್ ಆಗಿದೆ.