ಏನಾದ್ರೂ ಮಾಡ್ಬೇಕು

"ನಾನೂ ಏನಾದ್ರೂ ಮಾಡ್ಬೇಕು ಕಣೋ" ಅಂತ ನಮ್ಮ ಅತ್ತಿಗೆ ಹೇಳಲು ಶುರುಮಾಡಿ ಹದಿನೈದು ವರ್ಷವಾದರೂ ಆಗಿರಬೇಕು. ಹೇಳುವಾಗ ಎಡಗೈಯಲ್ಲಿ ಮಗನ ಹರಿದ ಯೂನಿಫಾರ್ಮು, ಬಲಗೈಯಲ್ಲಿ ಸೂಜಿ, ಒಲೆಯ ಮೇಲೆ ಹುಳಿ, ಕಿವಿಗೂ ಭುಜಕ್ಕೂ ನಡುವೆ ಗ್ಯಾಸ್ ಏಜೆನ್ಸಿಯವರ ಫೋನು. ನಾನು ಆರಾಮಾಗಿ ಕೂತು, ಅವರೇ ಕರಿದ ಸಂಡಿಗೆ ತಿನ್ನುತ್ತಾ, "ಹೌದು ಅತ್ತಿಗೆ, ಖಂಡಿತ ಏನಾದ್ರೂ ಮಾಡಿ" ಅನ್ನುತ್ತಿದ್ದೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಸಂಡಿಗೆ ಮಾತ್ರ ಚೆನ್ನಾಗಿರುತ್ತಿತ್ತು.

ಇಂಥ ಅತ್ತಿಗೆಯರು ಬೆಂಗಳೂರಿನ ಜಯನಗರ, ಬನಶಂಕರಿ, ವಿಜಯನಗರದ ಕಡೆ ಬೀದಿಗೆ ಇಬ್ಬರಾದರೂ ಸಿಗುತ್ತಾರೆ. ಗುರುತು ಹಿಡಿಯುವುದು ಕಷ್ಟವಲ್ಲ. ಇಂಜಿನಿಯರಿಂಗೋ ಎಂ.ಕಾಂ.ಓ ಓದಿರುತ್ತಾರೆ. ಸರ್ಟಿಫಿಕೇಟು ಲ್ಯಾಮಿನೇಟ್ ಆಗಿ ಬೀರುವಿನಲ್ಲಿ ರೇಷ್ಮೆ ಸೀರೆಗಳ ಅಡಿಯಲ್ಲಿರುತ್ತದೆ. ತೆಗೆದರೆ ನುಸಿಗುಳಿಗೆಯ ವಾಸನೆ. ಸ್ಕೂಲ್ ಗೇಟಿನ ಮುಂದೆ ನಿಂತು ಮಾತಾಡುವಾಗ ಹೇಗೋ ದಾರಿ ಮಾಡಿಕೊಂಡು "ನಾನೂ ಆಗ ಕೆಲಸಕ್ಕೆ ಹೋಗ್ತಿದ್ದೆ" ಅನ್ನುವಲ್ಲಿಗೆ ಬರುತ್ತಾರೆ. ಆ 'ಆಗ' ಸ್ವಲ್ಪ ಎಳೆದು ಬರುತ್ತದೆ, ನಮ್ಮಜ್ಜಿ 'ಮಹಾರಾಜರ ಕಾಲದಲ್ಲಿ' ಅನ್ನುತ್ತಿದ್ದ ಹಾಗೆ. ಅರ್ಧಕ್ಕೆ ನಿಂತ ಕೋರ್ಸುಗಳು ಮೂರೋ ನಾಲ್ಕೋ ಇರುತ್ತವೆ. ಟ್ಯಾಲಿಯ ಹೊತ್ತಿಗೆ ಮಗುವಿಗೆ ಸೀತಾಳೆ ಸಿಡುಬು, ಅಬಾಕಸ್ ಟೀಚರ್ ಟ್ರೈನಿಂಗಿನ ಹೊತ್ತಿಗೆ ಮಾವನವರ ಕಣ್ಣಿನ ಆಪರೇಷನ್ನು. ಕೋರ್ಸು ಮುಗಿಸದೆ ಬಿಡುವುದು ಅವರ ಸ್ವಭಾವ ಅಂತ ಮನೆಯಲ್ಲಿ ಎಲ್ಲರೂ ಒಪ್ಪಿಕೊಂಡಿರುತ್ತಾರೆ.

ನಮ್ಮ ಅತ್ತಿಗೆ 2003ರ ಬಿ.ಇ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಐದು ವರ್ಷ ವಿಷುಯಲ್ ಬೇಸಿಕ್‌ನಲ್ಲಿ ಪ್ರೋಗ್ರಾಮ್ ಬರೆದವರು. 2008ರಲ್ಲಿ ಮಗಳು ಹುಟ್ಟಿದಳು. ಆಗ ಕಾನೂನು ಕೊಡುತ್ತಿದ್ದ ಹೆರಿಗೆ ರಜೆ 12 ವಾರ. ಮೂರು ತಿಂಗಳ ಕೂಸನ್ನು ಮನೆಯಲ್ಲಿ ಬಿಟ್ಟು, ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಬಸ್ಸಿನ ಕಿಟಕಿಗೆ ತಲೆಯಿಟ್ಟು ಅಳುತ್ತಾ ಒಂದು ವಾರ ಹೋಗಿಬಂದರು. ಎರಡನೆಯ ವಾರ ರಾಜೀನಾಮೆ. ಆಮೇಲೆ ಲೋಕ ಒಂದೊಂದಾಗಿ ಸುಧಾರಿಸುತ್ತಾ ಹೋಯಿತು. 2010ರಲ್ಲಿ ಹೊಸೂರು ರಸ್ತೆಯ ಮೇಲೆ ಎಲಿವೇಟೆಡ್ ಹೆದ್ದಾರಿ ಬಂತು. 2017ರಲ್ಲಿ ಹೆರಿಗೆ ರಜೆ 26 ವಾರ ಆಯಿತು, 50 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಸಂಸ್ಥೆಗಳಲ್ಲಿ ಶಿಶುಪಾಲನಾ ಕೊಠಡಿ ಇರಬೇಕು ಅಂತಲೂ ಆಯಿತು. ಪೇಪರಿನಲ್ಲಿ ಆ ಸುದ್ದಿ ಓದಿದ ದಿನ ಅತ್ತಿಗೆ ಮಗಳಿಗೆ ಹದಿನಾರರ ಮಗ್ಗಿ ಹೇಳಿಕೊಡುತ್ತಿದ್ದರು. ಇದೆಲ್ಲಕ್ಕಿಂತ ಅವರ ಹೊಟ್ಟೆ ಉರಿಸಿದ್ದು ಇನ್ನೊಂದು ವಿಷಯ: ಮಧ್ಯದಲ್ಲಿ ಕೆಲಸ ಬಿಟ್ಟ ಹೆಂಗಸರಿಗಾಗಿಯೇ ಟಾಟಾ ಬಳಗದವರು 'ಸೆಕೆಂಡ್ ಕೆರಿಯರ್' ಅಂತ ಯೋಜನೆ ತಂದದ್ದೂ 2008ರಲ್ಲೇ. "ನಾನು ಒಳಗೆ ಬಾಗಿಲು ಹಾಕ್ಕೊಳ್ಳೋದನ್ನೇ ಕಾಯ್ತಿದ್ರು ನೋಡು, ಬೆಲ್ ಮಾಡೋಕೆ" ಅನ್ನುತ್ತಿದ್ದರು.

ಅತ್ತಿಗೆ ಏನಾದರೂ ಮಾಡಬೇಕು ಅನ್ನುವುದರಲ್ಲಿ ನಮ್ಮ ಮನೆಯಲ್ಲಿ ಯಾರಿಗೂ ಭಿನ್ನಾಭಿಪ್ರಾಯ ಇರಲಿಲ್ಲ. ಈಗ ಮಾಡುತ್ತಿರುವುದರಲ್ಲಿ ಯಾವುದನ್ನೂ ಬಿಡಕೂಡದು, ಅಷ್ಟೆ. ಅಣ್ಣ ಊಟದ ಮಧ್ಯೆ ಉದಾರವಾಗಿ ಹೇಳುತ್ತಿದ್ದ: "ಮಾಡೇ, ಯಾರು ಬೇಡ ಅಂದ್ರು? ಮನೆ ಹತ್ರ ಇರ್ಲಿ. ಬೆಳಗ್ಗೆ ನಾವೆಲ್ಲ ಹೊರಟ ಮೇಲೆ ಶುರುವಾಗಿ, ಮಕ್ಕಳು ಬರೋ ಹೊತ್ತಿಗೆ ಮುಗೀಲಿ. ಶನಿವಾರ ಭಾನುವಾರ ರಜ ಇರ್ಲಿ, ಶ್ರಾವಣದಲ್ಲಿ ಸ್ವಲ್ಪ ಜಾಸ್ತಿ ರಜ. ಟೆನ್ಷನ್ ಇರಬಾರದು." ಇಂಥ ಕೆಲಸ ಇಡೀ ಕರ್ನಾಟಕದಲ್ಲಿ ಒಂದೇ ಒಂದಿರಬೇಕು, ಅದರಲ್ಲಿ ಅಣ್ಣನೇ ಇದ್ದಾನೆ. ಅವನದು ಸರ್ಕಾರಿ ನೌಕರಿ.

ಅಮ್ಮನ ಸಲಹೆ ಚಟ್ನಿಪುಡಿ. ಅತ್ತಿಗೆ ಮಾಡಿಯೂ ಮಾಡಿದರು. ಅದಕ್ಕೆ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ಆಗ 12 ಲಕ್ಷದೊಳಗಿನ ವಹಿವಾಟಿಗೆ ವರ್ಷಕ್ಕೆ 100 ರೂಪಾಯಿ ಇತ್ತು. ಆ ನಂಬರನ್ನು ಪೊಟ್ಟಣದ ಮೇಲೆ ಅಚ್ಚು ಹಾಕಿಸಿ, ಬ್ಯಾಡಗಿ ಮೆಣಸಿನಕಾಯಿ ತರಿಸಿ, ಮಾಳಿಗೆಯಲ್ಲಿ ಒಣಗಿಸಿ, ಇಡೀ ಬೀದಿ ಸೀನುವಂತೆ ಹುರಿದು ಮೊದಲ ಕಂತು ಹತ್ತು ಕೆಜಿ ತೆಗೆದರು. ಪುಡಿ ಅದ್ಭುತವಾಗಿತ್ತು. ದೊಡ್ಡಮ್ಮನ ಮನೆಗೆ ಒಂದು ಕೆಜಿ ಹೋಯಿತು, 'ನಮ್ಮೋರ ಹತ್ರ ದುಡ್ಡು ಇಸ್ಕೊಳ್ಳೋದಾ?' ಚಿಕ್ಕಮ್ಮನಿಗೆ ಒಂದು, 'ರುಚಿ ನೋಡಿ ಹೇಳ್ಲಿ.' ಅಣ್ಣನ ಆಫೀಸಿನವರಿಗೆ ಎರಡು, ಪ್ರಚಾರಕ್ಕೆ. ನನ್ನ ಪಾಲಿನದನ್ನು ನಾನಾಗಿ ಹೇಳುವುದಿಲ್ಲ. ಕೊನೆಗೆ ದುಡ್ಡು ಕೊಟ್ಟು ಕೊಂಡವರು ಎದುರುಮನೆ ಗುಜರಾತಿಗಳು ಮಾತ್ರ, ಕಾಲು ಕೆಜಿ. ಅವರಿಗೆ ಖಾರ ಜಾಸ್ತಿಯಾಯಿತಂತೆ.

ಮುಂದೆ ವಾಟ್ಸಾಪಿನಲ್ಲಿ ಸೀರೆ ವ್ಯಾಪಾರ. ಹನ್ನೊಂದು ಸೀರೆ ಮಾರಿದರು, ಹದಿನಾಲ್ಕು ತಾವೇ ಇಟ್ಟುಕೊಂಡರು. ಆ ಅಧ್ಯಾಯವನ್ನು ಇಷ್ಟಕ್ಕೇ ಮುಗಿಸುವುದು ಅಣ್ಣನ ಆರೋಗ್ಯಕ್ಕೂ ಒಳ್ಳೆಯದು.

ಮಗಳು ಪಿಯುಸಿಗೆ ಬಂದ ವರ್ಷ ಅತ್ತಿಗೆ ಬೇರೆ ಥರ ಆದರು. 'ಏನಾದ್ರೂ' ಅನ್ನುವ ಮಾತು ನಿಂತಿತು. ಒಂದು ಭಾನುವಾರ ಬೀರುವಿನಿಂದ ಸರ್ಟಿಫಿಕೇಟುಗಳನ್ನು ತೆಗೆದು ತಂದು ನನ್ನ ಲ್ಯಾಪ್‌ಟಾಪಿನ ಪಕ್ಕ ಇಟ್ಟು, "ನೀನು ಬ್ಯಾಂಕಿನವನಲ್ವಾ, ಫಾರಂ ತುಂಬೋದು ಗೊತ್ತಿರತ್ತೆ. ಬಯೋಡೇಟಾ ಮಾಡ್ಕೊಡು" ಅಂದರು. ಅವರ ಹಳೆಯ ಈಮೇಲು ರೆಡಿಫ್‌ಮೇಲಿನದು. ಪಾಸ್‌ವರ್ಡು ಮರೆತಿತ್ತು. 'ನಿಮ್ಮ ಮೆಚ್ಚಿನ ನಟ ಯಾರು' ಅನ್ನುವ ಗುಟ್ಟಿನ ಪ್ರಶ್ನೆಗೆ ಮದುವೆಗೆ ಮುಂಚೆ ಬರೆದಿದ್ದ ಉತ್ತರವನ್ನು ಅಣ್ಣನ ಎದುರು ಹೇಳಲು ಅವರು ಒಪ್ಪಲಿಲ್ಲ. ಹೊಸ ಈಮೇಲು ಮಾಡಿದೆವು.

2008ರಿಂದ ಈಚೆಗೆ ಏನು ಬರೆಯುವುದು ಅನ್ನುವಲ್ಲಿ ಬಂಡಿ ನಿಂತಿತು. ಲಿಂಕ್ಡ್‌ಇನ್‌ನವರು 2022ರಲ್ಲಿ 'ಕೆರಿಯರ್ ಬ್ರೇಕ್' ಅಂತ ಒಂದು ಜಾಗವನ್ನೇ ಮಾಡಿದ್ದಾರೆ, ಅದನ್ನು ಹಾಕೋಣ ಅಂದೆ. ಬ್ರೇಕ್ ಅಂದರೇನು ಅಂತ ಅಮ್ಮ ಕೇಳಿದಳು. ವಿರಾಮ ಅಂದೆ. "ಅಯ್ಯೋ, ಹಾಗೆ ಹಾಕಬೇಡ್ವೋ. ನೋಡಿದವರು ಏನಂದ್ಕೊಂಡಾರು? ಸೊಸೇನ ಹದಿನೇಳು ವರ್ಷ ಸುಮ್ನೆ ಕೂರಿಸಿದ್ದೆ ಅಂದ್ಕೊಳ್ಳಲ್ವಾ?" ಅಮ್ಮನಿಗೆ ತನ್ನ ಮರ್ಯಾದೆಯ ಪ್ರಶ್ನೆ. ಅತ್ತಿಗೆ ಆ ದಿನ ಅತ್ತೆಯ ಕಡೆ ನೋಡಿದ ನೋಟದಲ್ಲಿ ನಗು ಇತ್ತೋ ಇನ್ನೇನಿತ್ತೋ, ನನಗೆ ಇವತ್ತಿಗೂ ಬಗೆಹರಿದಿಲ್ಲ.

ಪ್ರೋಗ್ರಾಮ್ ಬರೆಯುವ ಕಡೆಗೆ ಹೋಗುವಂತಿರಲಿಲ್ಲ. ಅವರು ಕಲಿತಿದ್ದ ವಿಷುಯಲ್ ಬೇಸಿಕ್ 6ಕ್ಕೆ ಮೈಕ್ರೋಸಾಫ್ಟ್‌ನವರೇ 2008ರಲ್ಲಿ ಎಳ್ಳುನೀರು ಬಿಟ್ಟಿದ್ದರು. (ಆ ವರ್ಷವೇ ಸರಿ ಇರಲಿಲ್ಲ ಅಂತ ಕಾಣುತ್ತದೆ.) ಹಳೆಯ ಸಹೋದ್ಯೋಗಿಯೊಬ್ಬರು ಟೆಸ್ಟಿಂಗ್ ಕಡೆ ಬನ್ನಿ ಅಂದರು. ಬೇರೆಯವರು ಮಾಡಿದ ಕೆಲಸದಲ್ಲಿ ತಪ್ಪು ಹುಡುಕಿ, ಅವರ ಮುಖಕ್ಕೆ ಹಿಡಿದು, ಸರಿಮಾಡುವವರೆಗೂ ಬೆನ್ನು ಬಿಡದಿರುವುದು. ಇದಕ್ಕೆ ಸಂಬಳ ಕೊಡುತ್ತಾರೆ ಅಂತ ತಿಳಿದಾಗ ಅತ್ತಿಗೆ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಅದಕ್ಕೊಂದು ಐಎಸ್‌ಟಿಕ್ಯೂಬಿ ಅನ್ನುವ ಪರೀಕ್ಷೆ. 40 ಪ್ರಶ್ನೆ, 60 ನಿಮಿಷ, 26 ಸರಿಯಾದರೆ ಪಾಸು. ಊಟದ ಮೇಜಿನ ಈ ತುದಿಯಲ್ಲಿ ತಾಯಿ, ಆ ತುದಿಯಲ್ಲಿ ಮಗಳು ಓದಲು ಕೂತರು. ಮಗಳು ನಡುವೆ ಫೋನು ನೋಡಿದರೆ ತಾಯಿ ಕೆಮ್ಮುವುದು, ತಾಯಿ ಹಾಲು ನೋಡಲು ಎದ್ದರೆ ಮಗಳು "ಅಮ್ಮಾ, ಕೂತ್ಕೋ" ಅಂತ ಗದರುವುದು. ಹಾಲು ಉಕ್ಕಿತು. ನಮ್ಮ ಮನೆಯಲ್ಲಿ ಮೊದಲ ಸಲ ಅಣ್ಣ ಒಲೆ ಒರೆಸಿದ. ಒರೆಸಿದ್ದನ್ನು ಎಲ್ಲರಿಗೂ ಕರೆದು ತೋರಿಸಿದ. ಅತ್ತಿಗೆ ಪಾಸಾದರು.

ಅರ್ಜಿ ಹಾಕಿದ ಕಡೆಯೆಲ್ಲ ಮೌನ. ಕೆಲವರು ಫೋನಿನಲ್ಲಿ 'ಗ್ಯಾಪ್' ಎಷ್ಟು ಅಂತ ಕೇಳಿ, ಹದಿನೇಳು ಅಂದ ಕೂಡಲೇ, ತಿಂಗಳಾ ಮೇಡಂ ಅನ್ನುತ್ತಿದ್ದರು. ಕಡೆಗೆ ಒಂದು ಕಂಪನಿಯವರು, ಮರಳಿ ಬರುವ ಹೆಂಗಸರನ್ನು ಆರು ತಿಂಗಳು ಇಟ್ಟುಕೊಂಡು ನೋಡುವ ಯೋಜನೆಯಡಿ ಇಂಟರ್ವ್ಯೂಗೆ ಕರೆದರು. ಅಲ್ಲಿ ನಡೆದದ್ದನ್ನು ಅತ್ತಿಗೆ ಇಲ್ಲಿಯವರೆಗೆ ನನಗೆ ನಾಲ್ಕು ಸಲ ಹೇಳಿದ್ದಾರೆ, ನಾನು ನಾಲ್ಕು ಸಲವೂ ಕೇಳಿದ್ದೇನೆ.

ಎದುರಿಗೆ ಕೂತ ಹುಡುಗನಿಗೆ ಇಪ್ಪತ್ತೆಂಟಿರಬಹುದು. ಮಗಳ ಫಿಸಿಕ್ಸ್ ಟ್ಯೂಷನ್ ಮೇಷ್ಟ್ರಿಗಿಂತ ಚಿಕ್ಕವನು. ಟೆಸ್ಟಿಂಗ್ ಇಂಟರ್ವ್ಯೂಗಳಲ್ಲಿ ಒಂದು ಮಾಮೂಲಿ ಪ್ರಶ್ನೆ ಇದೆಯಂತೆ. ಪೆನ್ನೋ ಲಿಫ್ಟೋ ಯಾವುದೋ ಒಂದನ್ನು ಹೆಸರಿಸಿ, ಇದನ್ನು ಹೇಗೆ ಟೆಸ್ಟ್ ಮಾಡುತ್ತೀರಿ ಅಂತ ಕೇಳುವುದು. ಹುಡುಗ ಮೇಜಿನ ಮೇಲಿದ್ದ ತನ್ನ ನೀರಿನ ಬಾಟಲಿ ತೋರಿಸಿದ. ಪಾಪ. ಹದಿನೇಳು ವರ್ಷದಲ್ಲಿ ಅತ್ತಿಗೆ ತೊಳೆದ, ತುಂಬಿದ, ಕಳೆದುಹೋದಾಗ ಹುಡುಕಿದ ಬಾಟಲಿಗಳ ಲೆಕ್ಕ ಅವನಿಗೇನು ಗೊತ್ತು?

ಪುಸ್ತಕ ಓದಿ ಬಂದವರು ಎಷ್ಟು ನೀರು ಹಿಡಿಯುತ್ತದೆ, ಸೋರುತ್ತದಾ, ಬಿಸಿನೀರು ತಡೆಯುತ್ತದಾ ಅಂತ ಹೇಳಿ ಮುಗಿಸುತ್ತಾರೆ. ಅತ್ತಿಗೆ ತಿರುಗಿ ಅವನನ್ನೇ ಕೇಳಿದರು: "ಇದನ್ನ ತಗೊಂಡು ಹೋಗೋರು ಯಾರು? ಎಲ್‌ಕೆಜಿನಾ, ಏಳನೇ ಕ್ಲಾಸಾ?" ಅವನು ಏಳನೇ ಕ್ಲಾಸು ಅಂದ. ಅಲ್ಲಿಂದ ಶುರು. ಮುಚ್ಚಳ ತೆಗೆಯೋಕೆ ಬರುತ್ತೆ, ಹಾಕೋಕೆ ಬರಲ್ಲ ಅಂದ್ರೆ? ಹಾಕದೇನೇ ಹಾಕಿದೀನಿ ಅಂತ ಹೇಳಿದ್ರೆ? ಬ್ಯಾಗಲ್ಲಿ ತಲೆಕೆಳಗಾಗಿಟ್ಟು, ಅದರ ಮೇಲೆ ಕನ್ನಡ ನೋಟ್ಸಿಟ್ಟು, ಅದರ ಮೇಲೆ ತಾನೇ ಕೂತ್ರೆ? ಸ್ಕೂಲ್ ಬಸ್ಸಲ್ಲಿ ಇದನ್ನೇ ಬ್ಯಾಟ್ ಮಾಡ್ಕೊಂಡ್ರೆ? ಶುಕ್ರವಾರ ಮಜ್ಜಿಗೆ ತುಂಬಿಸಿದ್ದು ಬ್ಯಾಗಲ್ಲೇ ಇದ್ದು ಸೋಮವಾರ ಬೆಳಗ್ಗೆ ಗೊತ್ತಾದ್ರೆ? ಕ್ಲಾಸಲ್ಲಿ ಇದೇ ಥರದ್ದು ಹತ್ತು ಬಾಟಲಿ ಇದ್ದು, ನಮ್ಮದು ಬಿಟ್ಟು ಇನ್ನೊಬ್ಬರದ್ದು ಮನೆಗೆ ಬಂದ್ರೆ? ಆ ಇನ್ನೊಬ್ಬರ ತಾಯಿ ರಾತ್ರಿ ಹತ್ತು ಗಂಟೆಗೆ ತಾಯಂದಿರ ಗ್ರೂಪಲ್ಲಿ ಫೋಟೋ ಹಾಕಿದ್ರೆ?

ಹುಡುಗ ಬರೆದುಕೊಳ್ಳುವುದನ್ನು ನಿಲ್ಲಿಸಿ, ಬಾಟಲಿಯನ್ನು ಮೆಲ್ಲಗೆ ಮೇಜಿನ ಕೆಳಗೆ ಇಟ್ಟನಂತೆ. ಆಮೇಲೆ, ಕೇಳಲೇಬೇಕಾದ ಪ್ರಶ್ನೆಯಾದ್ದರಿಂದ ಸಂಕೋಚದಿಂದಲೇ ಕೇಳಿದ: "ಮೇಡಂ, ಈ ಹದಿನೇಳು ವರ್ಷ ಏನ್ ಮಾಡ್ತಿದ್ರಿ?"

"ಇಷ್ಟೊತ್ತು ಅದನ್ನೇ ಹೇಳಿದ್ನಲ್ಲಪ್ಪ."

ಕೆಲಸ ಸಿಕ್ಕಿತು. ಮನೆಯಲ್ಲಿ ಸುದ್ದಿ ಹೇಳಿದಾಗ ಒಂದು ಕ್ಷಣ ಮೌನ. ಅಣ್ಣ ಮೊದಲು ಸಂಬಳ ಕೇಳಿದ, ಆಮೇಲೆ ಎಷ್ಟು ಗಂಟೆಗೆ ಬಿಡ್ತಾರೆ ಅಂದ, ಕೊನೆಗೆ "ಒಳ್ಳೇದಾಯ್ತು" ಅಂದ. ಮಗ ತಿಂಡಿ ಡಬ್ಬಿಗೆ ಯಾರು ಹಾಕಿಕೊಡುತ್ತಾರೆ ಅಂತ ಕೇಳಿದ. ನಾನೂ ಕೇಳಬೇಕೆಂದಿದ್ದ ಪ್ರಶ್ನೆಯೇ ಅದು. ಮಗು ಕೇಳಿದ್ದು ಒಳ್ಳೆಯದಾಯಿತು.

ಆ ವರ್ಷದ, ಅಂದರೆ 2025ರ, ಆಗಸ್ಟಿನಲ್ಲೇ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಮೆಟ್ರೋದ ಹಳದಿ ಮಾರ್ಗ ಶುರುವಾಗಿತ್ತು. ಮೊದಮೊದಲು 25 ನಿಮಿಷಕ್ಕೊಂದು ರೈಲು. ಅತ್ತಿಗೆ ಮನೆಯ ಗಡಿಯಾರವನ್ನೆಲ್ಲ ಆ ರೈಲಿಗೆ ತಿರುಗಿಸಿಕೊಂಡರು. ಸಿಲ್ಕ್ ಬೋರ್ಡ್ ಈಗ ಮೇಲಿನಿಂದ ಕಾಣುತ್ತದೆ, ಕೆಳಗೆ ವಾಹನಗಳು 2008ರಲ್ಲಿ ನಿಂತ ಹಾಗೆಯೇ ನಿಂತಿವೆ ಅಂತ ಮೊದಲ ದಿನ ಬಂದು ಹೇಳಿದರು. ಹತ್ತೂವರೆಗೆ ಅಣ್ಣ ಅವರಿಗೆ ಫೋನು ಮಾಡಿ ಹೆಸರುಬೇಳೆ ಎಲ್ಲಿದೆ ಅಂತ ಕೇಳಿದ್ದ. "ಮೀಟಿಂಗಲ್ಲಿದೀನಿ" ಅಂತ ಬಂದ ಉತ್ತರವನ್ನು ಕೇಳಿ, ಫೋನನ್ನು ಕಿವಿಯಿಂದ ತೆಗೆದು ಯಾರ ನಂಬರಿಗೆ ಮಾಡಿದೆ ಅಂತ ನೋಡಿಕೊಂಡ.

ಸಂಜೆ ಬರುವಾಗ ದಣಿದಿರುತ್ತಾರೆ, ಆದರೆ ಚಪ್ಪಲಿ ಬಿಡುವಾಗಲೇ "ಇವತ್ತೊಂದು ಸಿಕ್ತು ಕಣೋ" ಅನ್ನುತ್ತಾರೆ. ಹುಟ್ಟಿದ ದಿನಾಂಕ ಫೆಬ್ರವರಿ 30 ಅಂತ ಕೊಟ್ಟರೂ ತೆಗೆದುಕೊಳ್ಳುವ ಪ್ರೋಗ್ರಾಮು. ಬರೆದ ಹುಡುಗ "ನನ್ನ ಮಷೀನಲ್ಲಿ ಸರಿ ಇದೆ" ಅಂದನಂತೆ. "ನಮ್ಮ ಪುಟ್ಟ 'ಟೀಚರ್ ಹೇಳೇ ಇಲ್ಲ' ಅಂತಾನಲ್ಲ, ಅದೇ ಮುಖ. ನಾನು ಬಿಡ್ತೀನಾ?" ಚಟ್ನಿಪುಡಿಯ ಹತ್ತು ಕೆಜಿಯಲ್ಲಿ ಈ ಖುಷಿ ಒಂದು ಚಮಚದಷ್ಟೂ ಇರಲಿಲ್ಲ.

ಆಫೀಸಿನ ಪದ್ಧತಿ ಮನೆಗೂ ಬಂತು. ಫ್ರಿಜ್ಜಿನ ಬಾಗಿಲ ಮೇಲೆ ಒಂದು ಹಾಳೆ. ಮೊದಲ ಸಾಲು: ಹಾಸಿಗೆಯ ಮೇಲೆ ಒದ್ದೆ ಟವೆಲ್. ತೀವ್ರತೆ: ಹೆಚ್ಚು. ಯಾರಿಗೆ: ಅಣ್ಣನ ಹೆಸರು. ಸ್ಥಿತಿ: ರೀಓಪನ್. ಎರಡನೆಯದು ಮಗನ ಸಾಕ್ಸು. ಮೂರನೆಯದರಲ್ಲಿ ನನ್ನ ಹೆಸರೂ ಇದೆ, ತೊಳೆಯದೆ ಬಿಟ್ಟ ಕಾಫಿ ಲೋಟ. ಅಣ್ಣ ಟವೆಲನ್ನು ಮೂರು ದಿನ ಒಣಗಲು ಹಾಕಿದ, ಸಾಲು ಹೊಡೆದುಹಾಕಿದರು, ನಾಲ್ಕನೆಯ ದಿನ ಮತ್ತೆ ರೀಓಪನ್.

ಎರಡು ವಾರ ನೋಡಿ ನೋಡಿ ಅಮ್ಮ ಕನ್ನಡಕ ಹಾಕಿಕೊಂಡು, ಪೆನ್ನು ತೆಗೆದುಕೊಂಡು, ಹಾಳೆಯ ಕೊನೆಯಲ್ಲಿ ತಾನೇ ಒಂದು ಸಾಲು ಬರೆದಳು: 'ಸಂಜೆ ಕಾಫಿ ಏಳೂವರೆಗೆ. ಬಹಳ ತಡ.' ಯಾರಿಗೆ ಅನ್ನುವಲ್ಲಿ ಸೊಸೆಯ ಹೆಸರು. ತೀವ್ರತೆಯ ಕಡೆ ಎರಡು ಸಲ ಗೀಟು ಎಳೆದಳು.

ಆ ರಾತ್ರಿ ಅತ್ತಿಗೆ ಅದನ್ನು ಓದಿ, ಏನೂ ಮಾತಾಡದೆ, ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಮೂರು ಪದ ಬರೆದು ಮಲಗಲು ಹೋದರು. ಬೆಳಗ್ಗೆ ಅಮ್ಮ ನನ್ನನ್ನು ಕರೆದಳು.

"ಏನೋ ಬರೆದಿದಾಳೆ, ಓದೋ."

"ವರ್ಕ್ಸ್ ಆ್ಯಸ್ ಡಿಸೈನ್ಡ್."

"ಹಾಗಂದ್ರೆ?"

"ತಪ್ಪಲ್ಲವಂತಮ್ಮ. ಇನ್ಮೇಲೆ ಅದು ಇರೋದೇ ಹಾಗಂತೆ."

ಅಮ್ಮ ಸ್ವಲ್ಪ ಹೊತ್ತು ಹಾಳೆಯನ್ನೇ ನೋಡಿದಳು. ಆಮೇಲೆ ಅಣ್ಣನ ಕೋಣೆಯ ಕಡೆ ತಿರುಗಿ, "ಲೋ, ಎದ್ದೇಳು. ಡಿಕಾಕ್ಷನ್ ಹಾಕೋದು ಹೇಳ್ಕೊಡ್ತೀನಿ, ಬಾ" ಅಂದಳು.