ಬರ್ಲಿ... ಬರ್ಲಿ... ಸಾಕ್!

ರಿವರ್ಸ್ ಗೇರಿನ ಕೀರಲು ಸಂಗೀತ ಕೇಳಿದ ಅರ್ಧ ನಿಮಿಷಕ್ಕೆಲ್ಲ ಅವರು ಬೀದಿಯಲ್ಲಿರುತ್ತಾರೆ. ಮೇಲೆತ್ತಿ ಕಟ್ಟಿದ ಲುಂಗಿ, ಕೈಯಲ್ಲಿ ಕಾಫಿ ಲೋಟ. ಯಾರೂ ಕರೆದಿರುವುದಿಲ್ಲ. ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಕ್ರಾಸಿಗೊಬ್ಬರಂತೆ ಸಿಗುವ ಇವರಿಗೆ ಮಕ್ಕಳು ಇಟ್ಟ ಹೆಸರು ಬರ್ಲಿ ಅಂಕಲ್.

"ಬರ್ಲಿ... ಬರ್ಲಿ... ಲೆಫ್ಟ್ ಕಟ್ ಮಾಡಿ, ಫುಲ್ ಕಟ್... ಇನ್ನೂ ಜಾಗ ಇದೆ ಸಾರ್, ಲಾರೀನೇ ಹೋಗುತ್ತೆ... ಸಾಕ್ ಸಾಕ್ ಸಾಕ್!"

ಆ 'ಸಾಕ್' ಬರುವುದು ಗೇಟಿನ ಕಂಬ 'ಕರ್ರ್' ಎಂದ ಮೇಲೆ. ಅಂಕಲ್ ಒಮ್ಮೆ ಬಾನೆಟ್ ಮುಂದೆ, ಒಮ್ಮೆ ಡಿಕ್ಕಿ ಹಿಂದೆ ಓಡಾಡುವುದರಿಂದ ಅವರ ಲೆಫ್ಟು ಯಾರ ಲೆಫ್ಟು ಎಂಬುದೂ ಗಳಿಗೆಗೊಂದು ಸಲ ಬದಲಾಗುತ್ತಿರುತ್ತದೆ.

ತಪ್ಪೆಲ್ಲ ಅವರದೇ ಅನ್ನುವಂತಿಲ್ಲ. ಗೇಟುಗಳು ಇದ್ದಷ್ಟೇ ಇವೆ, ಕಾರುಗಳು ಮೈ ಬಿಟ್ಟಿವೆ. ಮಾರುತಿ 800ರ ಕಾಲದಲ್ಲಿ 20-30 ಸೈಟಿನ ಮನೆಗೆ ಎಂಟಡಿ ಗೇಟು ಇಡಿಸಿದವರು ಧಾರಾಳಿಗಳೇ. ಆ ಕಾರಿನ ಅಗಲ 1,440 ಮಿ.ಮೀ.; ಎರಡೂ ಪಕ್ಕಕ್ಕೆ ಹೆಚ್ಚುಕಡಿಮೆ ಅರ್ಧರ್ಧ ಮೀಟರ್ ಉಳಿಯುತ್ತಿತ್ತು, ಬಾಗಿಲು ತೆರೆದು ಇಳಿಯುವುದಕ್ಕೂ ತೊಂದರೆಯಿರಲಿಲ್ಲ. ಈಗ ಅದೇ ಗೇಟಿನೆದುರು 1,830 ಮಿ.ಮೀ. ಅಗಲದ ಇನೋವಾ ಕ್ರಿಸ್ಟಾ ಬಂದು ನಿಲ್ಲುತ್ತದೆ. ಕನ್ನಡಿ ಬಿಚ್ಚಿದರೆ ಪಕ್ಕಕ್ಕೊಂದು ಗೇಣೂ ಮಿಗದು. ಕಂಪನಿಯವರು ಹೇಳುವ ಅಗಲಕ್ಕೆ ಸಾಮಾನ್ಯವಾಗಿ ಕನ್ನಡಿ ಸೇರಿರುವುದಿಲ್ಲ. ಮಾಲೀಕರಿಗೆ ಇದನ್ನು ತಿಳಿಸಿಕೊಡುವುದು ಕಂಬ. 2006ರಲ್ಲಿ ನಾಲ್ಕು ಮೀಟರ್ ಒಳಗಿನ ಸಣ್ಣ ಕಾರುಗಳಿಗೆ ಸುಂಕ ಇಳಿದಾಗ ಕಂಪನಿಗಳು ಉದ್ದಕ್ಕೆ ಕತ್ತರಿ ಹಾಕಿದವು. ಅಗಲವನ್ನು ಕೇಳುವವರೇ ಇರಲಿಲ್ಲ.

ಅಂಕಲ್‌ಗೆ ವಿದ್ಯೆ ಇಲ್ಲವೆಂದಲ್ಲ. "ಬಾಲ ಮೊದಲು, ಮೂತಿ ಆಮೇಲೆ" ಎನ್ನುತ್ತಾರಲ್ಲ, ಅದು ಅಪ್ಪಟ ಸತ್ಯ. ಮೂತಿ ಮುಂದಾಗಿ ನುಗ್ಗಿಸಿದರೆ ಹಿಂದಿನ ಗಾಲಿ ಮುಂದಿನದರ ಜಾಡು ಬಿಟ್ಟು ಒಳಮಗ್ಗುಲಿಗೆ ಸರಿದು ಬರುತ್ತದೆ, ಹಿಂಬಾಗಿಲು ಕಂಬಕ್ಕೆ ಉಜ್ಜುತ್ತದೆ. ಹಿಂಬದಿ ಮೊದಲು ಒಳಗೆ ಹೋದರೆ, ತಿರುಗುವ ಗಾಲಿಗಳಿನ್ನೂ ಬೀದಿಯಲ್ಲೇ ಇರುವುದರಿಂದ ಸೊಟ್ಟ ಸರಿಮಾಡಿಕೊಳ್ಳಲು ಎಡೆ ಸಿಗುತ್ತದೆ.

2019ರ ಜುಲೈನಿಂದ ಹೊಸ ಕಾರುಗಳಿಗೆ ಹಿಂಬದಿ ಸೆನ್ಸರ್ ಕಡ್ಡಾಯವಾದಾಗ ಇವರ ಕಾಲ ಮುಗಿಯಿತು ಅಂದುಕೊಂಡವರುಂಟು. "ಮೆಷೀನಿಗೇನ್ರೀ ಗೊತ್ತು, ನಾನಿದ್ದೀನಲ್ಲ" ಎಂದು ಅಂಕಲ್ ಸೀದಾ ಬಂಪರಿನ ಹಿಂದೆ ಹೋಗಿ ನಿಂತರು. ಸೆನ್ಸರ್ ಒಂದೇ ಸಮನೆ ಕಿರುಚತೊಡಗಿತು. ಕ್ಯಾಮೆರಾ ಇದ್ದವರ ಪರದೆ ತುಂಬ ನೀಲಿ ಚೌಕಳಿ ಲುಂಗಿ. ಸದ್ದು ಗೋಡೆಗೋ ಅಂಕಲ್‌ಗೋ ತಿಳಿಯದೆ ಚಾಲಕ ಬ್ರೇಕ್ ಒತ್ತಿದ. "ಯಾಕೆ ನಿಲ್ಸಿದ್ರಿ? ಬರ್ಲಿ!"

ಅಂಥ ಒಂದು ಮನೆಯ ಗೇಟಿನ ಬಲಗಡೆಯ ಕಂಬವನ್ನು ಹತ್ತಿರದಿಂದ ನೋಡಬೇಕು. ಸೊಂಟದೆತ್ತರಕ್ಕೆ ಬಿಳಿ ಗೀರು, ಅದರ ಮೇಲೆ ಕೆಂಪು, ಈಚಿನದು ಬೂದು. ಆ ಮನೆಯವರು ಕೊಂಡ ಮೂರೂ ಕಾರುಗಳ ಬಣ್ಣ ವಯಸ್ಸಿನ ಪ್ರಕಾರ ಅಲ್ಲಿ ದಾಖಲಾಗಿದೆ. ಮೂರಕ್ಕೂ ಅಂಕಲ್ ಸಾಕ್ಷಿ. ಡಿಕ್ಕಿಗೆ ಎರಡು ಏಟು ತಟ್ಟಿ, "ಪಾಲಿಶ್ ಮಾಡಿಸಿದ್ರೆ ಹೋಗುತ್ತೆ ಬಿಡಿ" ಎಂದು ಸಮಾಧಾನ ಹೇಳಿದ್ದೂ ಅವರೇ.

ಅವರಿಗೂ ಒಂದು ಕಾರಿದೆ, ಮಗ ಕೊಡಿಸಿದ್ದು. ಕೊಂಡಾಗಿನಿಂದ ಬೀದಿಯ ಹೊಂಗೆ ಮರದಡಿ ಕವರು ಹೊದ್ದು ಮಲಗಿದೆ. ಒಳಗೇಕೆ ನಿಲ್ಲಿಸುವುದಿಲ್ಲ ಎಂದರೆ ಲೋಟದ ಕೊನೆಯ ಗುಟುಕು ಮುಗಿಸಿ ಹೇಳುತ್ತಾರೆ: "ಸಂಪಿನ ಮುಚ್ಚಳ ಅಡ್ಡ ಬರುತ್ತೆ ಕಣ್ರೀ. ಅಲ್ದೆ, ನಾನು ಒಳಗೆ ಕೂತ್ರೆ ಹಿಂದೆ ನಿಂತು ನೋಡ್ಕೊಳ್ಳೋರು ಯಾರು?"