ದಮೋನಾ ಎಂಬ ಬಸವಮ್ಮ

ಪೂರ್ವ ಫ್ರಾನ್ಸಿನಲ್ಲಿ ಬೂರ್ಬಾನ್-ಲೆ-ಬ್ಯಾಂ ಎಂಬ ಬಿಸಿನೀರಿನ ಬುಗ್ಗೆಯ ಊರಿದೆ. ಆ ಸೀಮೆ ಇನ್ನೂ ಗಾಲ್ ಎನಿಸಿಕೊಂಡು ರೋಮನ್ನರ ಕೈಯಲ್ಲಿದ್ದಾಗ ಒಬ್ಬ ಅಪ್ಪ ಮಗಳ ಆರೋಗ್ಯಕ್ಕೆಂದು ಹರಕೆ ಹೊತ್ತು ಇಲ್ಲಿ ಕಲ್ಲು ಕೆತ್ತಿಸಿದ. ಮಗಳ ಹೆಸರು ಕೊಕಿಲ್ಲಾ. ನಮ್ಮ ಕೋಕಿಲಾಳಿಗೂ ಅವಳಿಗೂ ಸಂಬಂಧವಿಲ್ಲ. ಆದರೂ ಓದಿದಾಗ ಯಾಕೋ ಪಕ್ಕದ ಬೀದಿಯ ಹುಡುಗಿಗೇ ಜ್ವರ ಬಂದಂತಾಯಿತು. ಹರಕೆ ಸಂದದ್ದು ದೇವದಂಪತಿಗೆ: ಬೋರ್ವೋ ಮತ್ತು ದಮೋನಾ.

ದಮೋನಾ ಎಂದರೆ ಹಸುದೇವತೆ ಎನ್ನುತ್ತಾರೆ ಭಾಷಾಪಂಡಿತರು. ಹಳೆಯ ಐರಿಷ್‌ನಲ್ಲಿ 'ದಮ್' ಎಂದರೆ ಎತ್ತು. ಸಂಸ್ಕೃತದಲ್ಲಿ 'ದಮ್ಯ' ಎಂದರೆ ಇನ್ನೂ ಪಳಗಿಸಬೇಕಾದ ಹೋರಿ. ಎಲ್ಲಕ್ಕೂ ಬೇರು ಒಂದೇ, ಪಳಗಿಸುವುದು. ಆ ಲೆಕ್ಕದಲ್ಲಿ ನಳನ ದಮಯಂತಿಯೂ ಇವಳಿಗೆ ದೂರದ ನೆಂಟಳಾದಳು. ಕೊನೆಯ 'ಓನಾ' ಗಾಲ್ ದೇವತೆಗಳ ಹೆಸರಿಗೆ ಹತ್ತುವ ಬಾಲ. ನಾವು 'ಅಮ್ಮ' ಸೇರಿಸುವುದಿಲ್ಲವೇ, ಹಾಗೆ. ನಮ್ಮ ಕಡೆ ಹುಟ್ಟಿದ್ದರೆ ಆಕೆ ಬಸವಮ್ಮನಾಗಿ ಜಾತ್ರೆ, ತೇರು ಎಲ್ಲ ಕಾಣುತ್ತಿದ್ದಳು.

ಅಲ್ಲಿ ಅಷ್ಟು ಅದೃಷ್ಟವಿರಲಿಲ್ಲ. ಅದೇ ಬಾಲದ ಕುದುರೆದೇವತೆ ಎಪೋನಾಳನ್ನು ರೋಮಿನ ಅಶ್ವದಳ ಸಾಮ್ರಾಜ್ಯದ ತುಂಬ ಹೊತ್ತು ಮೆರೆಸಿತು. ಹಸು ಯುದ್ಧಕ್ಕೆ ಹೋಗುವ ಪ್ರಾಣಿಯಲ್ಲ, ದಮೋನಾ ಊರಲ್ಲೇ ಉಳಿದಳು. ಪೂರ್ತಿ ಒಂದೇ ಊರಲ್ಲಿ ಎನ್ನುವಂತೆಯೂ ಇಲ್ಲ. ಕ್ರಿ.ಪೂ. 52ರಲ್ಲಿ ಸೀಸರ್ ಮುತ್ತಿಗೆ ಹಾಕಿದ ಅಲೇಸಿಯಾದಲ್ಲೂ ಅವಳಿದ್ದಾಳೆ, ಆದರೆ ಅಲ್ಲಿ ಜೊತೆಗಿರುವವನು ಬೋರ್ವೋ ಅಲ್ಲ, ಮೊರಿಟಾಸ್ಗಸ್ ಎಂಬ ಇನ್ನೊಬ್ಬ ದೇವರು! ಭಕ್ತರು ಈ ವಿಚಾರದಲ್ಲಿ ತಕರಾರು ಮಾಡಿದಂತಿಲ್ಲ. ಗಂಡ ಬದಲಾದರೂ ಹೆಸರು ಬದಲಿಸದವಳು ಎಂದು ನನಗಂತೂ ಅವಳ ಮೇಲೆ ಗೌರವ.

ಹೆಸರು ಮಾಡಿದ್ದು ಮಾತ್ರ ಬೋರ್ವೋ. ಕುದಿಯುವ ನೀರಿನ ದೇವರು ಆತ. ಫ್ರಾನ್ಸಿನ ಹಲವು ಬುಗ್ಗೆಯೂರುಗಳಿಗೆ ಅವನದೇ ಹೆಸರು. ಅಂಥ ಒಂದೂರು ಬೂರ್ಬಾನ್-ಲಾರ್ಶಾಂಬೋ. ಅಲ್ಲಿಂದ ಹೊರಟ ಬೂರ್ಬನ್ ಮನೆತನ 1589ರಲ್ಲಿ ಫ್ರಾನ್ಸಿನ ಸಿಂಹಾಸನವನ್ನೇ ಏರಿತು. ಆ ಹೆಸರು ಕಡಲು ದಾಟಿ ಅಮೆರಿಕದ ವಿಸ್ಕಿಗೆ ಅಂಟಿತು. ಲಂಡನ್ನಿನಲ್ಲಿ 1910ರಲ್ಲಿ ಬೇರೆ ಹೆಸರಿನಿಂದ ಬಂದ ಚಾಕೊಲೇಟ್ ಬಿಸ್ಕತ್ತೊಂದಕ್ಕೂ ಆಮೇಲೆ ಅದೇ ನಾಮಕರಣವಾಯಿತು. ಈಗ ನಮ್ಮ ಬೀದಿಕೊನೆಯ ಅಂಗಡಿಯ ಡಬ್ಬಿಯಲ್ಲೂ ಇರುವುದು ಅದೇ ಬೋರ್ಬನ್.

ಗಂಡನಿಗೆ ಸಿಂಹಾಸನ, ವಿಸ್ಕಿ, ಬಿಸ್ಕತ್ತು. ಹೆಂಡತಿಗೆ ನಾಲ್ಕಾರು ಸವೆದ ಕಲ್ಲು. ಬಿಸ್ಕತ್ತು ಕಂಪನಿಯವರಲ್ಲಿ ನನ್ನದೊಂದು ಅರಿಕೆ: ಮುಂದಿನ ಸಲ ಹಾಲಿನ ಕೆನೆಯ ಬಿಸ್ಕತ್ತು ಮಾಡಿದರೆ ದಯವಿಟ್ಟು 'ದಮೋನಾ' ಎಂದು ಹೆಸರಿಡಿ.